ದೀಪ ಹಚ್ಚಿದ ಮೇಲಿನ ಹಸಿವು

ಅಳದಂಗಡಿ
12 ಜೂನ್ 2025

ಮಾನ್ಯ ಮೇಡಂ,

ನನ್ನ ಹೆಸರು ಪದ್ಮಲತಾ. ವಯಸ್ಸು ಐವತ್ತಮೂರು. ಶಿವಮೊಗ್ಗದಲ್ಲಿರುವ ಮಗಳು ಮೊನ್ನೆ ಬಂದಾಗ ನನ್ನ ಮೊಬೈಲಿಗೆ ನಿಮ್ಮ ಆ್ಯಪ್ ಹಾಕಿಕೊಟ್ಟಳು. ವಿಡಿಯೋದಲ್ಲಿ ಮಾತಾಡಬಹುದು, ಫೋನಿನಲ್ಲಿ ಮಾತಾಡಬಹುದು, ಪತ್ರವನ್ನೂ ಬರೆಯಬಹುದು ಎಂದು ತೋರಿಸಿತು. ನಾನು ಪತ್ರ ಆರಿಸಿದೆ. ನಮ್ಮ ಮನೆಯಲ್ಲಿ ಮಾತಾಡಿದರೆ ಅಂಗಡಿಗೆ ಕೇಳುತ್ತದೆ. ಅಂಗಡಿ ಮನೆಯ ಮುಂಭಾಗದಲ್ಲೇ ಉಂಟು, ಯಜಮಾನರು ಅಲ್ಲೇ ಕೂತಿರುತ್ತಾರೆ.

ನನ್ನ ತೊಂದರೆ ದೊಡ್ಡದೇನಲ್ಲ. ನಿದ್ದೆ ಬರುವುದಿಲ್ಲ. ಮಾರ್ಚ್ ತಿಂಗಳಲ್ಲಿ ಅತ್ತೆ ತೀರಿಕೊಂಡರು. ಆರು ವರ್ಷ ಅವರಿಗೆ ಮರೆವಿನ ಕಾಯಿಲೆ ಇತ್ತು. ನೋಡಿಕೊಂಡದ್ದು ನಾನೇ. ಈಗ ಬಸದಿಗೆ ಹೋದರೂ ಮದುವೆಮನೆಗೆ ಹೋದರೂ, "ಅತ್ತೆಯನ್ನು ನೋಡಿದ್ರೆ ಪದ್ಮಲತನ ಹಾಗೆ ನೋಡಬೇಕು ಮಾರಾಯ್ತಿ" ಅನ್ನುತ್ತಾರೆ. ಹಾಗೆ ಹೇಳಿದ ಕೂಡಲೇ ನನಗೆ ಅಲ್ಲಿಂದ ಎದ್ದು ಹೋಗಬೇಕು ಅನಿಸುತ್ತದೆ. ಇದು ಕಾಯಿಲೆಯಾ?

ಹೆಸರು ನೋಂದಾಯಿಸುವಾಗ ತುರ್ತಿಗೆ ಒಂದು ನಂಬರು ಕೇಳಿತು. ಯಜಮಾನರದ್ದು ಕೊಟ್ಟಿದ್ದೇನೆ. ದಯವಿಟ್ಟು ಅವರಿಗೆ ಫೋನ್ ಮಾಡಬೇಡಿ.

ಇತಿ,
ಪದ್ಮಲತಾ

*

ಮೂಡುಬಿದಿರೆ
14 ಜೂನ್ 2025

ಪದ್ಮಲತಾ ಅವರಿಗೆ ನಮಸ್ಕಾರ.

ನಾನು ಅನಿಷಾ, ಇಲ್ಲಿನ ಆಪ್ತಸಮಾಲೋಚಕಿ. ನಿಮ್ಮ ಪತ್ರಗಳನ್ನು ಓದುವುದು ನಾನೊಬ್ಬಳೇ. ನನಗೆ ದಾರಿ ಕಾಣದಿದ್ದಾಗ ಶಬ್ನಾ ಎಂಬ ನನ್ನ ಹಿರಿಯರಲ್ಲಿ, ನಿಮ್ಮ ಹೆಸರು ಹೇಳದೆ, ಕೇಳುತ್ತೇನೆ. ಜೀವಕ್ಕೆ ಅಪಾಯವೆಂದು ಕಂಡರೆ ಮಾತ್ರ ತುರ್ತಿನ ನಂಬರಿಗೆ ಫೋನ್ ಮಾಡುತ್ತೇವೆ. ಇಷ್ಟನ್ನು ಮೊದಲೇ ಹೇಳಬೇಕು. ನನ್ನ ಓದೆಲ್ಲ ಇಂಗ್ಲಿಷಿನಲ್ಲಿ ಆದದ್ದು. ಕನ್ನಡ ಪಾಠ ಒಪ್ಪಿಸಿದ ಹಾಗೆ ಕಂಡರೆ ಕ್ಷಮಿಸಿ.

ಕಾಯಿಲೆಯೆಂದು ಈಗಲೇ ಹೇಳಲಾರೆ. ಆರು ವರ್ಷ ಒಬ್ಬರ ಹಿಂದೆ ಮುಂದೆ ಓಡಾಡಿದ ಮೈ, ಅವರು ಹೋದ ಕೂಡಲೇ ಮಲಗು ಎಂದರೆ ಮಲಗುವುದಿಲ್ಲ. ಆದರೆ ನಿದ್ದೆಗಿಂತ ನಿಮ್ಮ ಇನ್ನೊಂದು ಮಾತು ನನ್ನನ್ನು ಹಿಡಿದಿಟ್ಟಿತು. ಜನ ಹೊಗಳಿದಾಗ ಎದ್ದು ಹೋಗಬೇಕು ಅನಿಸುತ್ತದೆ ಎಂದಿರಿ. ಆ ಹೊಗಳಿಕೆಯಲ್ಲಿ ಚುಚ್ಚುವುದು ಯಾವುದು? ಉತ್ತರ ನಿಧಾನಕ್ಕೆ ಬರಲಿ.

ಅನಿಷಾ

*

ಅಳದಂಗಡಿ
28 ಜೂನ್ 2025

ಮಾನ್ಯ ಮೇಡಂ,

ನಿಮ್ಮ ಪ್ರಶ್ನೆ ಓದಿ ಮೊಬೈಲು ಬೋರಲು ಹಾಕಿಟ್ಟೆ. ಹಾಗಾಗಿ ತಡವಾಯಿತು.

ಅತ್ತೆ ಕಟ್ಟುನಿಟ್ಟಿನವರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನೀರು ಸೋಸದೆ ಕೊಟ್ಟೆನೆಂದು ಲೋಟವನ್ನು ಅಂಗಳಕ್ಕೆ ಚೆಲ್ಲಿದ್ದರು. ಮರೆವು ಬಂದ ಮೇಲೆ ಅದೇ ಅತ್ತೆ ನನ್ನ ಸೆರಗು ಹಿಡಿದುಕೊಂಡು ತಿರುಗಿದರು. ನನ್ನನ್ನು 'ಅಮ್ಮ' ಎಂದು ಕರೆದರು. ಸ್ವಂತ ಮಗನನ್ನು ತೋರಿಸಿ, "ಈ ಅಂಗಡಿಯವನಿಗೆ ಮದುವೆ ಆಗಿದೆಯಾ?" ಎಂದು ಕೇಳುತ್ತಿದ್ದರು. ಇವರು, "ಇಲ್ಲ, ಹೆಣ್ಣು ಹುಡುಕ್ತಾ ಉಂಟು" ಎನ್ನುತ್ತಿದ್ದರು. "ಈ ಮುಖಕ್ಕೆ ಯಾರು ಕೊಡ್ತಾರೆ!" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ನಕ್ಕ ದಿನಗಳೂ ಇದ್ದವು.

ಮುಂದಿನದು ನಮ್ಮ ಮನೆಯ ಆಚಾರಕ್ಕೆ ಸೇರಿದ್ದು. ಹೊರಗಿನವರಿಗೆ ಹೇಳಿದರೆ ಆಚಾರವೇ ತಪ್ಪು ಎಂದುಬಿಡುತ್ತಾರೆ. ನಿಮ್ಮ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ. ನೀವು ನಮ್ಮವರಾ?

ಪದ್ಮಲತಾ

*

ಮೂಡುಬಿದಿರೆ
30 ಜೂನ್ 2025

ಪದ್ಮಲತಾ ಅಕ್ಕ,

ಈ ಪ್ರಶ್ನೆಗೆ ಉತ್ತರಿಸಬಾರದೆಂದು ನಮಗೆ ಕಲಿಸಿದ್ದಾರೆ. 'ಅದು ನಿಮಗೆ ಏಕೆ ಮುಖ್ಯ?' ಎಂದು ಮರಳಿ ಕೇಳಬೇಕು. ಹಾಗೆಯೇ ಬರೆದೆ, ಅಳಿಸಿದೆ. ಇಷ್ಟು ಹತ್ತಿರದ ಊರಿನವರಿಗೆ ಹಾಗೆ ಬರೆಯುವುದು ಅಹಂಕಾರದಂತೆ ಕಂಡಿತು.

ಹೌದು, ನಾನೂ ಜೈನಳೇ. ತಾಯಿಮನೆ ಪುತ್ತಿಗೆ. ಆಚಾರವನ್ನು ನನಗೆ ವಿವರಿಸಬೇಕಾಗಿಲ್ಲ. ಹೆದರದೆ ಹೇಳಿ.

ಅನಿಷಾ

*

ಅಳದಂಗಡಿ
16 ಜುಲೈ 2025

ಪ್ರೀತಿಯ ಅನಿಷಾ,

'ಮೇಡಂ' ಬಿಟ್ಟಿದ್ದೇನೆ, ತಪ್ಪು ತಿಳಿಯಬೇಡಿ. ನಮ್ಮವರು ಎಂದು ಗೊತ್ತಾಗಿ ಎಷ್ಟೋ ಸಮಾಧಾನ.

ಹೇಳುತ್ತೇನೆ. ಅತ್ತೆಗೆ ಮದುವೆಗೂ ಮೊದಲಿನಿಂದ ರಾತ್ರಿ ಊಟ ಇಲ್ಲ. ಹೊತ್ತು ಮುಳುಗುವ ಮೊದಲು ಊಟ, ಆಮೇಲೆ ನೀರು ಕೂಡ ಇಲ್ಲ. ಬಾಣಂತನದಲ್ಲೂ ಬಿಟ್ಟವರಲ್ಲವಂತೆ. ಮರೆವು ಬಂದ ಮೇಲೆ ಉಂಡದ್ದೂ ನೆನಪಿಲ್ಲ, ವ್ರತವೂ ನೆನಪಿಲ್ಲ. ದೀಪ ಹಚ್ಚಿ ಆದ ಮೇಲೆ ಅಡುಗೆಮನೆಗೆ ಬಂದು ಕೇಳುತ್ತಿದ್ದರು. ಹಸಿವು ಎಂದು ಕನ್ನಡದಲ್ಲಿ ಬರೆದರೆ ಅದು ಬರುವುದಿಲ್ಲ. ತುಳುವಿನಲ್ಲಿ "ಅಮ್ಮಾ, ಬಡವಾಪುಂಡು" ಎನ್ನುತ್ತಿದ್ದರು, ಸಣ್ಣ ಮಕ್ಕಳ ಹಾಗೆ.

ನಾನು ಕೊಡುತ್ತಿರಲಿಲ್ಲ. ಇಷ್ಟು ವರ್ಷ ಪಾಲಿಸಿದ್ದನ್ನು, ಅವರ ಬುದ್ಧಿ ಸರಿ ಇಲ್ಲದಾಗ, ನನ್ನ ಕೈಯಿಂದ ಮುರಿಯುವುದು ಹೇಗೆ? ನಾಳೆ ಬುದ್ಧಿ ಬಂದು, 'ನನಗೆ ಕತ್ತಲೆಯಾದ ಮೇಲೆ ತಿನ್ನಿಸಿದೆಯಾ?' ಎಂದು ಕೇಳಿದರೆ? ಬುದ್ಧಿ ಬರುವುದಿಲ್ಲವೆಂದು ಗೊತ್ತಿತ್ತು. ಆದರೂ ಹಾಗೆ ಅನಿಸುತ್ತಿತ್ತು. ಅಂತೂ ಅವರ ವ್ರತ ಕೊನೆಯವರೆಗೆ ಕೆಡಲಿಲ್ಲ. ಅಷ್ಟೇ ವಿಷಯ.

ಚಾತುರ್ಮಾಸ ಶುರುವಾಯಿತಲ್ಲ. ಈ ಸಲ ನಾನು ಸಿಹಿ ಬಿಟ್ಟಿದ್ದೇನೆ.

ಪದ್ಮಲತಾ

*

ಮೂಡುಬಿದಿರೆ
18 ಜುಲೈ 2025

ಪದ್ಮಲತಾ ಅಕ್ಕ,

ನಿಮ್ಮ ಪತ್ರ ಓದಿ ನನ್ನ ಅಜ್ಜಿಯ ಮುಖ ಕಣ್ಣಿಗೆ ಬಂತು. ಆ ತಲೆಮಾರಿನವರ ಗಟ್ಟಿತನ ನಮಗೆ ಬರಲಿಕ್ಕಿಲ್ಲ. ನಿಮ್ಮ ಅತ್ತೆಗೆ ತಮ್ಮ ವ್ರತ ಕಾಯಲು ಆಗದಾಗ ನೀವು ಅದನ್ನು ಅವರ ಪರವಾಗಿ ಕಾದಿರಿ. ಇದರಲ್ಲಿ ತಪ್ಪು ಹುಡುಕಬೇಡಿ. ಜನ ಹೊಗಳುವುದೂ ಅದಕ್ಕೇ. ಆ ಹೊಗಳಿಕೆಯನ್ನು ಒಪ್ಪಿಕೊಳ್ಳಲು ಮೆಲ್ಲಗೆ ಕಲಿಯುವ.

ನಿಮ್ಮ ನಿಯಮದ ಸುದ್ದಿ ಕೇಳಿ ಸಂತೋಷ. ನನ್ನದು ಹೇಳಿಕೊಳ್ಳುವಂಥದ್ದಲ್ಲ. ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದ ಮೇಲೆಯೇ ಊಟ. ಅಮ್ಮ ಪುತ್ತಿಗೆಯಿಂದ ಸಂಜೆಯೇ ಫೋನ್ ಮಾಡಿ "ಊಟ ಆಯ್ತಾ?" ಎಂದು ಕೇಳುತ್ತಾರೆ. "ಆಯ್ತು" ಎಂದು ಸುಳ್ಳು ಹೇಳುತ್ತೇನೆ. ನಿಮ್ಮಂಥವರನ್ನು ನೋಡಿ ಕಲಿಯಬೇಕು.

ಅನಿಷಾ

*

ಅಳದಂಗಡಿ
10 ಆಗಸ್ಟ್ 2025

ಪ್ರೀತಿಯ ಅನಿಷಾ,

ನೀವು ಬರೆದದ್ದನ್ನು ಮತ್ತೆ ಮತ್ತೆ ಓದಿದೆ.

ಈಗ ಮೊಸರು ಬಿಟ್ಟಿದ್ದೇನೆ. ತುಪ್ಪ, ಎಣ್ಣೆ, ಹಾಲು ಕೂಡ. ರಸತ್ಯಾಗ ಎಂದರೆ ನಿಮಗೆ ಗೊತ್ತುಂಟು, ಒಂದೊಂದೇ ರುಚಿ ಬಿಡುತ್ತ ಹೋಗುವುದು. ಹಗಲಿಗೆ ಒಂದೇ ಊಟ. ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು, "ಅಕ್ಕ, ಈ ಸಲ ನೀವು ಭಾರೀ ಜೋರು!" ಎಂದರು. ಇವರಿಗೂ ಹೆಮ್ಮೆ. ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ.

ನಿದ್ದೆ ಹಾಗೇ ಉಂಟು. ದೀಪ ಹಚ್ಚಿದ ಮೇಲೆ ಹೊಟ್ಟೆ ಕೂಗುತ್ತದೆ. ಅದು ಕೂಗುವಾಗ ಸ್ವಲ್ಪ ಸಮಾಧಾನ ಆಗುತ್ತದೆ.

ಪದ್ಮಲತಾ

*

ಮೂಡುಬಿದಿರೆ
12 ಆಗಸ್ಟ್ 2025

ಪದ್ಮಲತಾ ಅಕ್ಕ,

ಹಗಲಿನಲ್ಲಿ ನೀರು ಚೆನ್ನಾಗಿ ಕುಡಿಯಿರಿ. ಬಿಸಿಲಿಗೆ ಹೋಗಬೇಡಿ. ಸ್ವಲ್ಪವಾದರೂ ಸಮಾಧಾನ ಸಿಗುತ್ತಿದೆ ಎಂದು ಓದಿ ನನಗೂ ಸಮಾಧಾನವಾಯಿತು. ನಿದ್ದೆಗೆ ಒಂದು ಉಸಿರಾಟದ ಅಭ್ಯಾಸ ಕಳಿಸಿದ್ದೇನೆ, ಮಾಡಿ ನೋಡಿ.

ಅನಿಷಾ

*

ಅಳದಂಗಡಿ
2 ಸೆಪ್ಟೆಂಬರ್ 2025

ಅನಿಷಾ,

ದಶಲಕ್ಷಣ ಪರ್ವ ನಡೆಯುತ್ತಾ ಉಂಟು. ಉಪ್ಪು ಬಿಟ್ಟೆ. ಅನ್ನವೂ ಬಿಟ್ಟೆ. ಗಂಜಿಯ ತಿಳಿ ಮಾತ್ರ. ಬಸದಿಯ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂತು, ಕಂಬ ಹಿಡಿದು ನಿಂತೆ. ಯಾರಿಗೂ ಗೊತ್ತಾಗಲಿಲ್ಲ. ಟೈಪ್ ಮಾಡಲು ಬೆರಳು ನಡುಗುತ್ತದೆ. ಕಡಿಮೆ ಬರೆದೆನೆಂದು ಬೇಸರಿಸಬೇಡಿ.

ಪದ್ಮಲತಾ

*

ಮೂಡುಬಿದಿರೆ
4 ಸೆಪ್ಟೆಂಬರ್ 2025

ಪದ್ಮಲತಾ ಅಕ್ಕ,

ಪರ್ವ ಮುಗಿಯಲು ಇನ್ನೇನು, ಎರಡು ದಿನ. ಮುಗಿದ ಮೇಲೆ ಮೆತ್ತಗಿನ ಆಹಾರದಿಂದ ಶುರು ಮಾಡಿ, ಒಮ್ಮೆ ಡಾಕ್ಟರಿಗೂ ತೋರಿಸಿ. ನಿಮ್ಮ ಗಟ್ಟಿ ಮನಸ್ಸಿಗೆ ನನ್ನ ನಮಸ್ಕಾರ.

ಅನಿಷಾ

*

ಮೂಡುಬಿದಿರೆ
16 ಸೆಪ್ಟೆಂಬರ್ 2025

ಪದ್ಮಲತಾ ಅವರಿಗೆ,

ಪರ್ವ ಮುಗಿದರೂ ನಿಮ್ಮ ಪತ್ರ ಬರಲಿಲ್ಲ. ನಿನ್ನೆ ಬಂಟ್ವಾಳಕ್ಕೆ ಹೋಗಿ ಶಬ್ನಾ ಅವರನ್ನು ಕಂಡೆ. ಹೆಸರು, ಊರು ಹೇಳದೆ ನಿಮ್ಮ ವಿಷಯ ಹೇಳಿದೆ. ನಿಮ್ಮ ನಿಯಮದ ಬಗ್ಗೆ ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆ ಇತ್ತೆಂದು ಈಗ ಅನಿಸುತ್ತದೆ. ಅವರು ಚಹಾದ ಲೋಟ ಕೆಳಗಿಟ್ಟರು.

"ಉಪವಾಸ ಬಿಡುವುದು ಯಾವಾಗ ಅಂತೆ?"

"ಕೇಳಲಿಲ್ಲ."

"ಯಾರ ಹತ್ರ ಹೇಳಿ ಹಿಡಿದದ್ದಂತೆ?"

"ಅದನ್ನೂ ಕೇಳಲಿಲ್ಲ."

"ನೀನೆಂಥ ಮಾರಾಯ್ತಿ! ನಾವೂ ತಿಂಗಳಿಡೀ ಉಪವಾಸ ಮಾಡುವವರೇ. ಮಸೀದಿಯ ಯಾವ ಬಾಂಗ್‌ಗೆ ಬಿಡುವುದು ಅಂತ ಸಣ್ಣ ಮಕ್ಕಳಿಗೂ ಗೊತ್ತಿರ್ತದೆ. ಬಿಡುವ ಹೊತ್ತೇ ಇಲ್ಲದ್ದು ಎಂಥ ಉಪವಾಸ? ಅದು ನಾನೇ ಬರೆದದ್ದು ಅಂತ ಇಟ್ಟುಕೋ, ಶಬ್ನಾ ಅನ್ನ ಬಿಟ್ಟಿದ್ದಾಳೆ ಅಂತ. ಆಗ ಕೂಡ್ಲೇ ಫೋನ್ ಮಾಡ್ತಿದ್ದೆ. ನಿಮ್ಮವರು ಅಂದ ತಕ್ಷಣ ಕೈ ಮುಗಿದು ಕೂತದ್ದಾ?"

ಬಸ್ಸಿನಲ್ಲಿ ಬರುವಾಗ ನಿಮ್ಮ ಪತ್ರಗಳನ್ನು ಮೊದಲಿನಿಂದ ಓದಿದೆ. ಹೊಟ್ಟೆ ಕೂಗುವಾಗ ಸಮಾಧಾನವಾಗುತ್ತದೆ ಎಂದು ನೀವು ಬರೆದಿದ್ದಿರಿ. ನಾನು ಅದಕ್ಕೆ ಉಸಿರಾಟದ ಅಭ್ಯಾಸ ಕಳಿಸಿದೆ. ಕತ್ತಲೆಯಾದ ಮೇಲೆ ಉಣ್ಣುವ ನನ್ನ ನಾಚಿಕೆ ನಿಮ್ಮ ಉಪವಾಸದ ಮುಂದೆ ತಲೆ ತಗ್ಗಿಸಿ ನಿಂತಿತ್ತು. ತಲೆ ತಗ್ಗಿಸಿದವಳಿಗೆ ನಿಮ್ಮ ಮುಖ ಕಾಣಲಿಲ್ಲ.

ಜುಲೈಯಲ್ಲಿ ಕೇಳಬೇಕಾದದ್ದನ್ನು ಈಗ ಕೇಳುತ್ತೇನೆ. ಈ ನಿಯಮವನ್ನು ದೇವರ ಮುಂದೆ, ಮುನಿಗಳ ಮುಂದೆ ತೆಗೆದುಕೊಂಡಿರಾ? ಉಪವಾಸ ಬಿಡುವ ಪಾರಣೆ ಯಾವಾಗ? ನಿಮ್ಮ ಅತ್ತೆಯ ಹಸಿವಿಗೂ ಇದಕ್ಕೂ ಸಂಬಂಧ ಉಂಟಾ?

ನಾಳೆ ಸಂಜೆಯೊಳಗೆ ಒಂದು ಸಾಲು ಬರೆಯಿರಿ. ಬರದಿದ್ದರೆ ನಿಮ್ಮ ಯಜಮಾನರಿಗೆ ಫೋನ್ ಮಾಡುತ್ತೇನೆ. ಬೇಡವೆಂದಿದ್ದಿರಿ, ನನಗೆ ನೆನಪಿದೆ. ಆದರೂ ಮಾಡುತ್ತೇನೆ.

ಅನಿಷಾ

*

ಮೂಡುಬಿದಿರೆ
18 ಸೆಪ್ಟೆಂಬರ್ 2025

ಪದ್ಮಲತಾ ಅವರಿಗೆ,

ಫೋನ್ ಮಾಡಿದೆ. ನಿಮ್ಮ ಬೆನ್ನ ಹಿಂದೆ ಆಡಿದ ಮಾತಾಗಬಾರದೆಂದು ಇದ್ದಂತೆಯೇ ಬರೆಯುತ್ತೇನೆ.

ನಿಮ್ಮ ಯಜಮಾನರು ಹೇಮರಾಜರು, "ಅವಳಿಗೆಂಥ ಆಗಿದೆ? ವ್ರತದಲ್ಲಿದ್ದಾಳೆ" ಎಂದರು.

"ಪರ್ವ ಮುಗಿದಿದೆಯಲ್ಲ. ಈಗಲೂ ಊಟ ಮಾಡುವುದಿಲ್ವಾ?"

"ತಿಳಿ ಕುಡೀತಾಳೆ. ಭಕ್ತಿ ಇದ್ದವರಿಗೆ ಅಷ್ಟು ಸಾಕಾಗ್ತದೆ. ನೀವು ಎಲ್ಲಿಯವರು, ಬೆಂಗಳೂರಾ?"

"ಅಲ್ಲ, ಮೂಡುಬಿದಿರೆ. ನಾನೂ ಜೈನಳೇ."

"ಹಾಗಾದ್ರೆ ನಿಮಗೆ ಗೊತ್ತಿರಬೇಕಲ್ಲ!"

"ಗೊತ್ತುಂಟು ಅಂತ ನಾನೂ ತಿಳ್ಕೊಂಡಿದ್ದೆ. ಇದು ವ್ರತ ಅಲ್ಲ. ಇವತ್ತೇ ಬೆಳ್ತಂಗಡಿಗೆ ಕರ್ಕೊಂಡು ಹೋಗಿ ಡಾಕ್ಟ್ರಿಗೆ ತೋರಿಸಿ."

ಅವರು ದನಿ ತಗ್ಗಿಸಿ, "ಅವಳು ನಿಮ್ಮತ್ರ ಎಂಥ ಹೇಳಿದ್ದಾಳೆ?" ಎಂದು ಕೇಳಿದರು. ಅದನ್ನು ಹೇಳುವ ಅಧಿಕಾರ ನನಗಿಲ್ಲ ಎಂದೆ. ಫೋನ್ ಇಟ್ಟರು. ಮತ್ತೆ ಮಾಡಿದರೆ ಎತ್ತುತ್ತಿಲ್ಲ.

ಅವರು ಹೊರಟರೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಮಗಳ ನಂಬರು ನನ್ನಲ್ಲಿಲ್ಲ. ಈ ಪತ್ರ ಓದುವ ಸ್ಥಿತಿಯಲ್ಲಿದ್ದರೆ ದಯವಿಟ್ಟು ಅವಳಿಗೆ ಫೋನ್ ಮಾಡಿ.

ಅನಿಷಾ

*

ಬೆಳ್ತಂಗಡಿ
27 ಸೆಪ್ಟೆಂಬರ್ 2025

ಅನಿಷಾ ಮೇಡಂ,

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಇವರು ನೀವು ಹೇಳಿದ ದಿನ ಕರೆತರಲಿಲ್ಲ. ಮರುದಿನ ಬಚ್ಚಲಿನಲ್ಲಿ ಬಿದ್ದೆ, ಆಗ ಕರೆತಂದರು. "ಇನ್ನು ನಾಲ್ಕು ದಿನ ಬಿಟ್ಟಿದ್ರೆ..." ಎಂದು ಡಾಕ್ಟರು ಇವರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಮಗಳು ಬಂದಿದ್ದಾಳೆ. ನೀವು ಫೋನ್ ಮಾಡಿದ್ದಕ್ಕೆ ನನಗೆ ಸಿಟ್ಟು ಬಂತು. ಈಗಲೂ ಉಂಟು.

ನಿಮ್ಮ ಪ್ರಶ್ನೆಗಳಿಗೆ ಉತ್ತರ. ನಿಯಮವನ್ನು ಯಾರ ಮುಂದೆಯೂ ತೆಗೆದುಕೊಂಡದ್ದಲ್ಲ. ಪಾರಣೆ ಇರಲಿಲ್ಲ.

ಕೊನೆಯ ಸಂಜೆ ಅತ್ತೆ ಹೊತ್ತು ಮುಳುಗುವ ಮುಂಚಿನ ಊಟದ ತಟ್ಟೆ ತಳ್ಳಿಬಿಟ್ಟಿದ್ದರು. ಎಷ್ಟು ಓಲೈಸಿದರೂ ಬಾಯಿ ತೆರೆಯಲಿಲ್ಲ. ದೀಪ ಹಚ್ಚಿದ ಮೇಲೆ ಅಡುಗೆಮನೆಗೆ ಬಂದರು. ನಾನು ಮರುದಿನದ ದೋಸೆಗೆ ಅರೆಯುತ್ತಿದ್ದೆ. ಹಸಿ ಹಿಟ್ಟಿಗೇ ಕೈ ಹಾಕಿದರು. ಕೈ ತೊಳೆಸಿ ಹೊರಗೆ ಕೂರಿಸಿ ಬಂದೆ. ಪುನಃ ಬಂದರು. ಪುನಃ ಕೂರಿಸಿದೆ. ಆಮೇಲೆ ಒಳಗಿನಿಂದ ಚಿಲಕ ಹಾಕಿದೆ. ಅವರು ಬಾಗಿಲು ಬಡಿದರು. ಅಮ್ಮಾ ಎಂದು ಕರೆದರು. ಬೈದರು. ಆಮೇಲೆ ಸುಮ್ಮನಾದರು. ನಾನು ಗ್ರೈಂಡರ್ ನಿಲ್ಲಿಸಲಿಲ್ಲ. ಬೆಳಿಗ್ಗೆ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು.

ಚಿಲಕ ಹಾಕಿದ್ದು ವ್ರತಕ್ಕಾಗಿ ಎಂದು ಬರೆಯಬಹುದು. ಅದು ಸುಳ್ಳು. ಬೇರೆ ದಿನಗಳಲ್ಲಿ ವ್ರತದ ಯೋಚನೆ ಇರುತ್ತಿತ್ತು. ಆ ದಿನ ನನಗೆ ವ್ರತ ನೆನಪೇ ಇರಲಿಲ್ಲ. ನನಗೆ ಸಾಕಾಗಿತ್ತು. ಅವರು ನನ್ನ ಕಣ್ಣಿಗೆ ಕಾಣಬಾರದಿತ್ತು, ಅಷ್ಟೇ.

ಇದನ್ನೇ ನಿಮಗೆ ಹೇಳಲು ಹೊರಟವಳು ನಾನು. ಅರ್ಧ ಹೇಳಿ, ನೀವು ಏನನ್ನುತ್ತೀರಿ ನೋಡುವ ಎಂದು ನಿಲ್ಲಿಸಿದ್ದೆ. 'ಅವರ ಪರವಾಗಿ ವ್ರತ ಕಾದಿರಿ' ಎಂದು ನೀವು ಬರೆದಿರಿ. ನಮ್ಮವರೇ ಹಾಗೆ ಹೇಳಿದ ಮೇಲೆ ಉಳಿದದ್ದನ್ನು ಯಾರಲ್ಲಿ ಹೇಳುವುದು? ಅದನ್ನು ಓದಿದ ಸಂಜೆಯೇ ಮೊಸರು ಬಿಟ್ಟದ್ದು.

ಪದ್ಮಲತಾ

*

ಮೂಡುಬಿದಿರೆ
30 ಸೆಪ್ಟೆಂಬರ್ 2025

ಪದ್ಮಲತಾ ಅವರಿಗೆ,

ಆ ವಾಕ್ಯವನ್ನು ನಾನು ಎಷ್ಟು ಸುಲಭವಾಗಿ ಬರೆದೆ ಎಂಬುದು ನೆನಪಿದೆ. ಕನ್ನಡದಲ್ಲಿ ಬರೆಯುವಾಗ ನನಗೆ ಪ್ರತಿ ಸಾಲೂ ಕಷ್ಟ. ಅದೊಂದು ಮಾತ್ರ ತಾನಾಗಿ ಬಂತು, ಚೆನ್ನಾಗಿದೆ ಎಂದೂ ಅನಿಸಿತು. ನಿಮ್ಮನ್ನು ಹೊಗಳಿದ ಊರಿನವರ ಸಾಲಿನಲ್ಲಿ ನಾನೂ ಹೋಗಿ ನಿಂತೆ. ಊರಿನವರಿಗೆ ನಿಮ್ಮ ಸಂಕಟ ಗೊತ್ತಿರಲಿಲ್ಲ. ನನಗೆ ನೀವು ಮೊದಲ ಪತ್ರದಲ್ಲೇ ಹೇಳಿದ್ದಿರಿ.

ಕ್ಷಮೆ ಕೇಳುತ್ತೇನೆ. ಕೊಡಬೇಕೆಂದಿಲ್ಲ.

'ನಿಮ್ಮದೇನೂ ತಪ್ಪಿಲ್ಲ' ಎಂದು ಬರೆಯಲು ಕೈ ಹೋಗುತ್ತದೆ. ಬರೆಯುವುದಿಲ್ಲ. ಅದೂ ನಿಮ್ಮ ಬಾಯಿ ಮುಚ್ಚಿಸುವ ಇನ್ನೊಂದು ಹೊಗಳಿಕೆಯಾದೀತು. ಆರು ವರ್ಷದ ದಣಿವು ಒಂದು ಸಂಜೆ ಚಿಲಕ ಹಾಕಿತು ಎಂದಷ್ಟೇ ನನಗೆ ಕಾಣುತ್ತದೆ. ನೀವು ಕೊಡದ ತುತ್ತಿನಿಂದ ಅವರು ಹೋದರೇ ಎಂಬುದನ್ನು ನಾನೂ ನೀವೂ ಹೇಳಲಾರೆವು. ಡಾಕ್ಟರಲ್ಲಿ ಬಾಯಿ ಬಿಟ್ಟು ಕೇಳಿ.

ಇನ್ನು ಮುಂದೆ ಶಬ್ನಾ ಅವರು ನಿಮ್ಮೊಡನೆ ಮಾತಾಡುತ್ತಾರೆ. ಸಂಸ್ಥೆ ಹಾಗೆ ನಿರ್ಧರಿಸಿದೆ. ನಾನೇ ಕೇಳಿಕೊಂಡದ್ದು ಕೂಡ. ಅವರು ಹೊಗಳುವವರಲ್ಲ.

ಒಂದು ಪ್ರಶ್ನೆ ಉಳಿದಿದೆ. ನಿಮ್ಮ ಯಜಮಾನರು ದನಿ ತಗ್ಗಿಸಿ ಕೇಳಿದ ಮಾತು ನನ್ನ ತಲೆಯಿಂದ ಹೋಗಿಲ್ಲ. ಆ ಸಂಜೆ ಮನೆಯಲ್ಲಿ ನೀವು, ಅತ್ತೆ ಅಲ್ಲದೆ ಬೇರೆ ಯಾರಿದ್ದರು? ಉತ್ತರವನ್ನು ಶಬ್ನಾ ಅವರಿಗೆ ಹೇಳಿ.

ಅನಿಷಾ

*

ಅಳದಂಗಡಿ
30 ಅಕ್ಟೋಬರ್ 2025

ಅನಿಷಾ,

ಶಬ್ನಾ ಮೇಡಂ ಒಳ್ಳೆಯವರು. ಅವರೊಡನೆ ಫೋನಿನಲ್ಲೇ ಮಾತಾಡುತ್ತೇನೆ, ಅಂಗಡಿಗೆ ಕೇಳಿದರೆ ಕೇಳಲಿ. ಮೊನ್ನೆ, "ನೀವು ಅತ್ತು ಮುಗಿಸಿ, ನಾನು ಕಾಯ್ತೇನೆ" ಎಂದು ಹೇಳಿ ನಿಜವಾಗಿ ಕಾದರು. ಆದರೆ ಕೊನೆಯ ಪ್ರಶ್ನೆ ಕೇಳಿದ್ದು ನೀವು. ಇದೊಂದು ಪತ್ರ ನಿಮಗೆ ತಲುಪಿಸಲು ಅವರನ್ನು ಒಪ್ಪಿಸಿದ್ದೇನೆ.

ದೀಪಾವಳಿ ಮುಗಿಸಿ ಮಗಳು ಶಿವಮೊಗ್ಗಕ್ಕೆ ಹೋದ ದಿನ ಇವರಿಗೆ ಹೇಳಿದೆ. "ಆ ದಿನ ನಾನು ಚಿಲಕ ಹಾಕಿದ್ದೆ" ಎಂದೆ.

"ಗೊತ್ತುಂಟು" ಎಂದರು.

"ಎಂಥ ಗೊತ್ತುಂಟು ನಿಮಗೆ?"

"ಅಮ್ಮ ಬಡಿದದ್ದು ಕೇಳ್ತಿತ್ತು. ನಾನು ಈಚೆ ಕೋಣೆಯಲ್ಲೇ ಇದ್ದೆನಲ್ಲ. ನಾನು ಎದ್ದು ಬಂದ್ರೆ ಅಮ್ಮನನ್ನು ನಾನೇ ನೋಡಿಕೊಳ್ಬೇಕಾಗ್ತದೆ ಅಂತ. ಟಿವಿ ಜೋರು ಮಾಡಿದೆ."

ಅವರೇ ಮುಂದುವರಿಸಿದರು. "ನೀನು ಊಟ ಬಿಟ್ಟಾಗ ನನಗೆ ಗೊತ್ತಾಗಿತ್ತು ಯಾಕೆ ಅಂತ. ನಮ್ಮಿಬ್ಬರ ಪಾಪವನ್ನೂ ನೀನೇ ತೀರಿಸ್ತಾ ಇದ್ದಿ ಅಂತ ಕಂಡಿತು. ಉಪವಾಸ ಬಿಡು ಅಂತ ಹೇಳ್ಲಿಕ್ಕೆ ಬಾಯಿ ಬರಲಿಲ್ಲ."

ಅನಿಷಾ, ಅಂಗಡಿಗೆ ಬಂದವರಿಗೆಲ್ಲ ಅವರು ನನ್ನ ವ್ರತ ಹೇಳಿಕೊಳ್ಳುತ್ತಿದ್ದರು. ನನಗೆ ಅವರನ್ನು ಹೊಡೆಯಬೇಕು ಅನಿಸಿತು. ಮೂರು ದಿನ ಮಾತಾಡಲಿಲ್ಲ.

ಡಾಕ್ಟರು ಸಂಜೆಗೊಂದು ಮಾತ್ರೆ ಕೊಟ್ಟಿದ್ದಾರೆ, ಹೊಟ್ಟೆಗೆ ಹಾಕಿದ ಮೇಲೆಯೇ ನುಂಗಬೇಕು. ಹೊತ್ತು ಮುಳುಗುವ ಮೊದಲು ಉಂಡು ನುಂಗುತ್ತಿದ್ದೆ. ನಿನ್ನೆ ಮಧ್ಯಾಹ್ನ ಮಲಗಿದವಳಿಗೆ ಎಚ್ಚರವೇ ಆಗಲಿಲ್ಲ. ಎಷ್ಟೋ ತಿಂಗಳಿನ ನಿದ್ದೆ ಒಟ್ಟಿಗೆ ಬಂದಿತ್ತು. ಎದ್ದಾಗ ಕತ್ತಲೆ. ದೀಪ ಇವರೇ ಹಚ್ಚಿದ್ದರು. ಅಡುಗೆಮನೆಯಲ್ಲಿ ಗಂಜಿ ಬೇಯಿಸಿದ್ದರು. ಮದುವೆಯಾದಾಗಿನಿಂದ ಇವರು ಒಲೆ ಹಚ್ಚಿದ್ದನ್ನು ನಾನು ನೋಡಿದ್ದಿಲ್ಲ. ನಮಗಿಬ್ಬರಿಗೂ ಬಟ್ಟಲು ಇಟ್ಟರು. ಆ ಹೊತ್ತಿನಲ್ಲಿ ಈ ಮನೆಯಲ್ಲಿ ನಾವು ಉಂಡದ್ದಿಲ್ಲ.

ಎದುರು ಬದುರು ಕೂತೆವು. ಇವರು ಮೊದಲು ಮುಟ್ಟಲಿ ಎಂದು ನಾನು, ನಾನು ಮುಟ್ಟಲಿ ಎಂದು ಇವರು. ಗಂಜಿ ಆರಿತು. ಇವರು ಎದ್ದು ಬಿಸಿ ಮಾಡಿ ತಂದರು. ಅದೂ ಆರಿತು. ಪುನಃ ಬಟ್ಟಲು ತೆಗೆದುಕೊಂಡು ಏಳಲು ಹೊರಟರು. ಕೈ ಹಿಡಿದು ಕೂರಿಸಿದೆ. ತಣ್ಣಗಿನದನ್ನೇ ಉಂಡೆವು.

ಪದ್ಮಲತಾ